ಚರ್ಮದ ಮೇಲಿನ ಬಿಳಿಯ ಮಚ್ಚೆಗಳು

ಮಗುವಿಗೆ ಎಣ್ಣೆಯೊತ್ತುವಾಗಲೋ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುವಾಗಲೋ ಮೈಮೇಲೆ ಹೆಸರುಕಾಳಿನಷ್ಟು ಅಗಲದ ಬಿಳಿಯ ಚುಕ್ಕೆಯೊಂದು ಕಣ್ಣಿಗೆ ಬಿದ್ದರೆ ಮನೆಯವರ ಎದೆ ಧಸಕ್ಕೆನ್ನುವುದು ಸಾಮಾನ್ಯ. ಜ್ವರ ಬಂದರೆ, ಕಾಲು ಉಳುಕಿದರೆ ನೆರೆಹೊರೆಯವರೊಡನೆ ಹೇಳಿಕೊಂಡು ಮದ್ದು ಕೇಳುವ ಜನ ಈ ಚುಕ್ಕೆಯ ವಿಷಯವನ್ನು ಮಾತ್ರ ಬಾಯಿಬಿಟ್ಟು ಆಡುವುದಿಲ್ಲ. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಗಳಿದ್ದರಂತೂ ಕೇಳುವುದೇ ಬೇಡ. ಉದ್ದ ತೋಳಿನ ರವಿಕೆಯೋ ಮುಖದ ಪೌಡರೋ ಅದನ್ನು ಮುಚ್ಚುತ್ತದೆ. ವೈದ್ಯರ ಬಳಿಗೆ ಹೋಗುವ ಮಾತು ತಿಂಗಳುಗಟ್ಟಲೆ ಮುಂದಕ್ಕೆ ಬೀಳುತ್ತದೆ.

ಈ ಹೆದರಿಕೆಗೆ ಒಂದು ಮುಖ್ಯ ಕಾರಣ ಬರಿಯ ಒಂದು ಹೆಸರು. ತೊನ್ನಿಗೆ ‘ಶ್ವೇತಕುಷ್ಠ’ ಎಂಬ ಹೆಸರು ನಮ್ಮಲ್ಲಿ ಹಿಂದಿನಿಂದಲೂ ರೂಢಿಯಲ್ಲಿದೆ. ಪ್ರಾಚೀನ ಆಯುರ್ವೇದ ಗ್ರಂಥಗಳಲ್ಲಿ ‘ಕುಷ್ಠ’ ಎಂಬುದು ನಾನಾ ಬಗೆಯ ಚರ್ಮರೋಗಗಳಿಗೆ ಒಟ್ಟಿಗೆ ಸಲ್ಲುತ್ತಿದ್ದ ಮಾತು. ಚರಕಸಂಹಿತೆಯು ಬಿಳಿಯ ಮಚ್ಚೆಗಳನ್ನು ‘ಶ್ವಿತ್ರ’, ‘ಕಿಲಾಸ’ ಎಂಬ ಬೇರೆ ಹೆಸರುಗಳಿಂದಲೇ ಕರೆದಿದೆಯಾದರೂ ಅವುಗಳ ಚಿಕಿತ್ಸೆಯನ್ನು ಹೇಳಿರುವುದು ಕುಷ್ಠದ ಅಧ್ಯಾಯದಲ್ಲಿಯೇ. ಮುಂದೆ ‘ಕುಷ್ಠ’ ಎಂಬ ಮಾತಿನ ಅರ್ಥವು ಸಂಕುಚಿತವಾಗಿ, ನರಗಳನ್ನು ಕೆಡಿಸುವ ಒಂದೇ ಒಂದು ಸೋಂಕುರೋಗಕ್ಕೆ ನಿಂತಿತು. ಆದರೆ ತೊನ್ನಿಗೆ ಅಂಟಿದ್ದ ಹೆಸರು ಹಾಗೆಯೇ ಉಳಿಯಿತು. ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ರೋಗಗಳು ಜನರ ಮನಸ್ಸಿನಲ್ಲಿ ಕಲಸಿಹೋಗಿವೆ.

ನಾವು ಇಲ್ಲಿ ಹೇಳಬೇಕೆಂದಿರುವುದು ಇಷ್ಟೆ: ಬಿಳಿಯ ಮಚ್ಚೆ ಎಂಬುದು ಒಂದು ರೋಗದ ಹೆಸರಲ್ಲ, ಅದೊಂದು ಚಿಹ್ನೆ. ಕೆಮ್ಮು ಧೂಳಿನಿಂದಲೂ ಬರುವುದುಂಟು, ನೆಗಡಿಯಿಂದಲೂ ಬರುವುದುಂಟು, ಕ್ಷಯದಿಂದಲೂ ಬರುವುದುಂಟು. ಕೆಮ್ಮಿದವರೆಲ್ಲ ಕ್ಷಯರೋಗಿಗಳೆಂದು ಯಾರೂ ಭಾವಿಸುವುದಿಲ್ಲ. ಬಿಳಿಯ ಮಚ್ಚೆಗೂ ಇದೇ ನ್ಯಾಯ ಸಲ್ಲಬೇಕು. ನಾವು ಭೌತವಿಜ್ಞಾನವನ್ನು ಪಾಠ ಹೇಳುವವರೇ ಹೊರತು ವೈದ್ಯರಲ್ಲ. ಆದರೆ ಬಣ್ಣವೆಂಬುದು ಬೆಳಕಿನ ವ್ಯವಹಾರವಾದುದರಿಂದ ಚರ್ಮದ ಬಿಳುಪನ್ನು ಕುರಿತು ಭೌತವಿಜ್ಞಾನಕ್ಕೂ ಹೇಳುವ ಮಾತು ಸ್ವಲ್ಪ ಉಂಟು. ಅಲ್ಲಿಂದಲೇ ಪ್ರಾರಂಭಿಸೋಣ.

ಬಿಳುಪು ಎಲ್ಲಿಂದ ಬಂತು?

ಕಲ್ಲುಸಕ್ಕರೆಯ ಹರಳು ಗಾಜಿನಂತೆ ಪಾರದರ್ಶಕವಾಗಿರುತ್ತದೆ. ಅದನ್ನು ಕುಟ್ಟಿ ಪುಡಿ ಮಾಡಿದರೆ ಪುಡಿಯು ಬೆಳ್ಳಗೆ ಕಾಣುತ್ತದೆ. ಕುಟ್ಟುವಾಗ ನಾವು ಅದಕ್ಕೆ ಯಾವ ಬಿಳಿಯ ಬಣ್ಣವನ್ನೂ ಬೆರೆಸಲಿಲ್ಲವಷ್ಟೆ. ಪುಡಿಯ ಅಸಂಖ್ಯಾತ ಮೇಲ್ಮೈಗಳಿಗೆ ತಗುಲಿದ ಬೆಳಕು ದಿಕ್ಕುದಿಕ್ಕಿಗೆ ಚದುರಿ, ಎಲ್ಲ ಬಣ್ಣಗಳೂ ಕೂಡಿಕೊಂಡೇ ನಮ್ಮ ಕಣ್ಣಿಗೆ ಹಿಂದಿರುಗುತ್ತದೆ. ಅದೇ ಬಿಳುಪು. ಹಾಲು, ನೊರೆ, ಹತ್ತಿ ಇವು ಬೆಳ್ಳಗಿರುವುದಕ್ಕೂ ಕಾರಣ ಇದೇ.

ನಮ್ಮ ಒಳತೊಗಲು ‘ಕೊಲಾಜನ್’ ಎಂಬ ಪ್ರೋಟೀನಿನ ಎಳೆಗಳಿಂದ ಹೆಣೆದ ದಪ್ಪನಾದ ಹಾಸು. ಹತ್ತಿಯ ಎಳೆಗಳಂತೆ ಇವೂ ಬೆಳಕನ್ನು ಚದುರಿಸುತ್ತವೆ. ಎಂದರೆ ಕಪ್ಪು ಮೈಯವನಾಗಲಿ ಕೆಂಪು ಮೈಯವನಾಗಲಿ, ಎಲ್ಲರ ಒಳತೊಗಲೂ ಬಹುಮಟ್ಟಿಗೆ ಬೆಳ್ಳಗೆಯೇ ಇರುತ್ತದೆ. ಅದರ ಮೇಲೆ ಕಾಗದದ ಹಾಳೆಯಷ್ಟು ತೆಳುವಾದ ಹೊರತೊಗಲು ಹರಡಿಕೊಂಡಿದೆ. ಈ ಹೊರತೊಗಲಿನಲ್ಲಿರುವ ‘ಮೆಲನಿನ್’ ಎಂಬ ಕಂದು ವರ್ಣದ್ರವ್ಯವು ಬೆಳಕನ್ನು ಹೀರಿಕೊಳ್ಳುತ್ತದೆ. ಲೋಟದ ಹಾಲಿಗೆ ಕಾಫಿಯ ಡಿಕಾಕ್ಷನ್ ಬೆರೆಸುತ್ತ ಹೋದಂತೆ ಬಣ್ಣ ಗಾಢವಾಗುವುದಲ್ಲವೆ? ಚರ್ಮದ ಬಣ್ಣವೂ ಹಾಗೆಯೇ. ಹಿಂದಿನ ಬಿಳುಪಿನ ಮುಂದೆ ಮೆಲನಿನ್ ಎಷ್ಟಿದೆಯೋ ಅಷ್ಟು ಗಾಢ. ಒಳತೊಗಲಿನಲ್ಲಿ ಹರಿಯುವ ರಕ್ತವು ಇದಕ್ಕೆ ಕೆಂಪಿನ ಛಾಯೆಯನ್ನು ಕೂಡಿಸುತ್ತದೆ.

ಆದುದರಿಂದ ಬಿಳಿಯ ಮಚ್ಚೆ ಎಂದರೆ ಚರ್ಮಕ್ಕೆ ಹೊಸದಾಗಿ ಬಿಳಿಯ ಬಣ್ಣ ಬಂದುದಲ್ಲ. ಮುಂದಿದ್ದ ಕಂದು ತೆರೆ ತೆಳುವಾಗಿ ಅಥವಾ ಹರಿದುಹೋಗಿ ಹಿಂದೆ ಮೊದಲಿನಿಂದಲೂ ಇದ್ದ ಬಿಳುಪು ಹೊರಗೆ ಕಂಡುದಷ್ಟೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ‘ಬಿಳುಪು ಏಕೆ ಬಂತು?’ ಎಂಬುದಲ್ಲ; ‘ಕಂದು ಬಣ್ಣ ಏಕೆ ಹೋಯಿತು?’ ಎಂಬುದು.

ಬಣ್ಣದ ಕಾರ್ಖಾನೆ

ಹೊರತೊಗಲಿನ ತಳದ ಸಾಲಿನಲ್ಲಿ ಸುಮಾರು ಹತ್ತು ಜೀವಕೋಶಗಳಿಗೆ ಒಂದರಂತೆ ವರ್ಣಕೋಶಗಳು ಕುಳಿತಿರುತ್ತವೆ. ಇವು ಟೈರೊಸಿನ್ ಎಂಬ ಅಮೈನೊ ಆಮ್ಲದಿಂದ ಮೆಲನಿನ್ನನ್ನು ತಯಾರಿಸುತ್ತವೆ. ಈ ಕೆಲಸವನ್ನು ನಡೆಸಿಕೊಡುವುದು ತಾಮ್ರವನ್ನೊಳಗೊಂಡ ‘ಟೈರೊಸಿನೇಸ್’ ಎಂಬ ಕಿಣ್ವ. ಒಂದೊಂದು ವರ್ಣಕೋಶಕ್ಕೂ ಮರದ ಕೊಂಬೆಗಳಂತೆ ಚಾಚುಗಳಿರುತ್ತವೆ; ಅವುಗಳ ಮೂಲಕ ಅದು ತನ್ನ ಸುತ್ತಲಿನ ಸುಮಾರು ೩೬ ಜೀವಕೋಶಗಳಿಗೆ ಮೆಲನಿನ್ನಿನ ಕಣಗಳನ್ನು ಹಂಚುತ್ತದೆ. ಆ ಕೋಶಗಳು ಕಣಗಳನ್ನು ತಮ್ಮ ನ್ಯೂಕ್ಲಿಯಸ್ಸಿನ ಮೇಲೆ ಕೊಡೆಯಂತೆ ಹರಡಿಕೊಂಡು ಬಿಸಿಲಿನ ಅತಿನೇರಿಳೆ ಕಿರಣಗಳಿಂದ ರಕ್ಷಣೆ ಪಡೆಯುತ್ತವೆ. ಕಪ್ಪು ಮೈಯವರಲ್ಲಿಯೂ ಬೆಳ್ಳನೆಯ ಮೈಯವರಲ್ಲಿಯೂ ವರ್ಣಕೋಶಗಳ ಸಂಖ್ಯೆ ಹೆಚ್ಚುಕಡಮೆ ಒಂದೇ. ಭೇದವಿರುವುದು ಅವು ತಯಾರಿಸುವ ಕಣಗಳ ಗಾತ್ರದಲ್ಲಿ ಮತ್ತು ಪ್ರಮಾಣದಲ್ಲಿ.

ಈ ಕಾರ್ಖಾನೆಯಲ್ಲಿ ಕೆಲಸ ನಿಧಾನವಾಗಬಹುದು. ತಯಾರಾದ ಸರಕು ಹಂಚಿಕೆಯಾಗದೆ ಉಳಿಯಬಹುದು. ಇಲ್ಲವೆ ಕೆಲಸಗಾರರೇ ಸತ್ತುಹೋಗಬಹುದು. ಮೊದಲಿನ ಎರಡು ಸಂದರ್ಭಗಳಲ್ಲಿ ಮಚ್ಚೆಯು ಮಾಸಲು ಬಿಳುಪಾಗಿರುತ್ತದೆ, ಕಾಲಾನುಕ್ರಮದಲ್ಲಿ ಬಣ್ಣವು ತಾನಾಗಿಯೇ ಮರಳುವುದುಂಟು. ಮೂರನೆಯದರಲ್ಲಿ ಮಚ್ಚೆಯು ಅಚ್ಚ ಬಿಳುಪಾಗುತ್ತದೆ. ಈ ಒಂದು ಭೇದವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭವಾಗಿ ಅರ್ಥವಾಗುವುದು.

ಮಕ್ಕಳ ಕೆನ್ನೆಯ ಮಚ್ಚೆ

ಮೂರು ನಾಲ್ಕು ವರ್ಷದಿಂದ ಹದಿನಾರರವರೆಗಿನ ಮಕ್ಕಳ ಕೆನ್ನೆಯ ಮೇಲೆ, ಬಾಯಿಯ ಸುತ್ತ, ಒಮ್ಮೊಮ್ಮೆ ತೋಳಿನ ಮೇಲೆ ಮಾಸಲು ಬಿಳುಪಿನ ಮಚ್ಚೆಗಳು ಏಳುತ್ತವೆ. ಅಂಚು ಸ್ಪಷ್ಟವಾಗಿರುವುದಿಲ್ಲ, ಮುಟ್ಟಿದರೆ ಸ್ವಲ್ಪ ಒರಟು, ಮೇಲೆ ನವಿರಾದ ಹೊಟ್ಟು. ವೈದ್ಯರು ಇದನ್ನು ‘ಪಿಟಿರಿಯಾಸಿಸ್ ಆಲ್ಬ’ ಎಂದು ಕರೆಯುವರು. ಇದು ಒಣಚರ್ಮದವರಿಗೆ ಬರುವ ಒಂದು ಸೌಮ್ಯವಾದ ಚರ್ಮದುರಿ. ಉರಿಯೂತವಾದ ಜಾಗದಲ್ಲಿ ಬಣ್ಣದ ತಯಾರಿಕೆ ಕೆಲಕಾಲ ಕುಂದುತ್ತದೆ. ಬೇಸಗೆಯಲ್ಲಿ ಬಿಸಿಲಿಗೆ ಸುತ್ತಲಿನ ಚರ್ಮ ಕಪ್ಪಾದಂತೆಲ್ಲ ಮಚ್ಚೆ ಎದ್ದು ಕಾಣುತ್ತದೆ. ಮಚ್ಚೆ ಬೆಳೆಯಿತೆಂದು ತಾಯಂದಿರು ಗಾಬರಿಯಾಗುವುದು ಆಗಲೇ. ವಾಸ್ತವವಾಗಿ ಹೆಚ್ಚಿರುವುದು ಮಚ್ಚೆಯಲ್ಲ, ಸುತ್ತಲಿನ ಬಣ್ಣದೊಡನೆ ಅದಕ್ಕಿರುವ ಅಂತರ.

ಹೊಟ್ಟೆಯಲ್ಲಿ ಜಂತುಹುಳುವಿದ್ದರೆ ಈ ಮಚ್ಚೆಗಳು ಬರುತ್ತವೆಂದು ಹಲವರು ನಂಬುವರು. ಸುಣ್ಣದ ಅಂಶ ಸಾಲದೆಂದು ಕ್ಯಾಲ್ಸಿಯಂ ಗುಳಿಗೆಗಳನ್ನು ನುಂಗಿಸುವವರೂ ಉಂಟು. ಎರಡಕ್ಕೂ ಆಧಾರವಿಲ್ಲ. ಜಂತುಹುಳುವಿಗೆ ಔಷಧ ಕೊಡುವುದು ಬೇರೆ ಕಾರಣಗಳಿಂದ ಒಳ್ಳೆಯದೇ; ಆದರೆ ಮಚ್ಚೆಗೂ ಅದಕ್ಕೂ ಸಂಬಂಧವಿಲ್ಲ. ಸ್ನಾನಕ್ಕೆ ಖಾರವಾದ ಸೋಪನ್ನು ಬಿಟ್ಟು, ಚರ್ಮವನ್ನು ಎಣ್ಣೆಯಿಂದಲೋ ಲೇಪನದಿಂದಲೋ ತೇವವಾಗಿಟ್ಟರೆ ಸಾಕು. ಕೆಲವು ತಿಂಗಳುಗಳಲ್ಲಿ, ಕೆಲವರಲ್ಲಿ ವರ್ಷ ಕಳೆದ ಮೇಲೆ, ಬಣ್ಣವು ಸಮನಾಗುತ್ತದೆ.

ಚಿಬ್ಬು

ಎದೆ, ಬೆನ್ನು, ಹೆಗಲು, ಕುತ್ತಿಗೆಗಳ ಮೇಲೆ ಮೊದಲು ಚುಕ್ಕೆಯಾಗಿ ಕಂಡು, ಒಂದಕ್ಕೊಂದು ಸೇರಿ ನಕ್ಷೆಯಂತೆ ಹರಡುವ ಮಚ್ಚೆಗಳನ್ನು ನಮ್ಮ ಜನ ಚಿಬ್ಬು ಎನ್ನುವರು. ಇದಕ್ಕೆ ಕಾರಣ ‘ಮಲಸ್ಸೇಜಿಯ’ ಎಂಬ ಬೂಷ್ಟು. ಇದು ಹೊರಗಿನಿಂದ ಬಂದ ಶತ್ರುವೇನೂ ಅಲ್ಲ. ನಮ್ಮೆಲ್ಲರ ಚರ್ಮದ ಮೇಲೆ ಜಿಡ್ಡನ್ನು ತಿಂದುಕೊಂಡು ತೆಪ್ಪಗೆ ಬಾಳುತ್ತಿರುವ ಜೀವಿ. ಸೆಕೆ, ಬೆವರು, ತೇವ ಹೆಚ್ಚಾದಾಗ ಇದು ದುಂಡನೆಯ ರೂಪವನ್ನು ಬಿಟ್ಟು ಎಳೆಯ ರೂಪವನ್ನು ತಾಳಿ ಹಬ್ಬತೊಡಗುತ್ತದೆ. ಆದಕಾರಣ ಕರಾವಳಿಯಂಥ ಸೆಕೆಯ ಸೀಮೆಗಳಲ್ಲಿ ಇದರ ಕಾಟ ಜಾಸ್ತಿ. ಮಚ್ಚೆಯನ್ನು ಉಗುರಿನಿಂದ ಕೆರೆದರೆ ಹಿಟ್ಟಿನಂಥ ಹೊಟ್ಟು ಉದುರುತ್ತದೆ. ಆ ಹೊಟ್ಟನ್ನು ಕ್ಷಾರದ್ರವದಲ್ಲಿ ನೆನೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪಾಯಸದಲ್ಲಿ ಶಾವಿಗೆಯ ತುಂಡುಗಳೂ ಸಾಬಕ್ಕಿಯೂ ಬೆರೆತಂತೆ ಎಳೆಗಳೂ ಗುಂಡುಗಳೂ ಕಾಣುವುವು.

ಈ ಬೂಷ್ಟು ಹೊರಸೂಸುವ ಕೆಲವು ವಸ್ತುಗಳು, ಮುಖ್ಯವಾಗಿ ಅಜಿಲೇಯಿಕ್ ಆಮ್ಲವು, ಟೈರೊಸಿನೇಸ್ ಕಿಣ್ವದ ಕೆಲಸಕ್ಕೆ ಅಡ್ಡಿಯಾಗುತ್ತವೆ; ಬಣ್ಣದ ತಯಾರಿಕೆ ಕುಂಠಿತವಾಗುತ್ತದೆ. ಕೀಟೊಕೊನಜೋಲ್ ಅಥವಾ ಸೆಲೆನಿಯಂ ಸಲ್ಫೈಡ್ ಇರುವ ಲೇಪನಗಳಿಂದ ಬೂಷ್ಟು ಕೆಲವೇ ವಾರಗಳಲ್ಲಿ ಅಡಗುತ್ತದೆ. ಆದರೆ ಇಲ್ಲೊಂದು ಮಾತನ್ನು ಗಮನಿಸಬೇಕು. ಬೂಷ್ಟು ಸತ್ತ ಕೂಡಲೇ ಬಣ್ಣ ಬರುವುದಿಲ್ಲ. ವರ್ಣಕೋಶಗಳು ಮತ್ತೆ ಕೆಲಸಕ್ಕೆ ತೊಡಗಿ, ಕಣಗಳನ್ನು ಹಂಚಿ, ಹೊರತೊಗಲು ಹೊಸದಾಗಿ ಬೆಳೆದು ಮೇಲೆ ಬರುವುದಕ್ಕೆ ತಿಂಗಳುಗಳು ಹಿಡಿಯುತ್ತವೆ. ಇದನ್ನರಿಯದೆ ಔಷಧ ಫಲಿಸಲಿಲ್ಲವೆಂದು ವೈದ್ಯರಿಂದ ವೈದ್ಯರಿಗೆ ಅಲೆಯುವವರು ಬಹಳ. ಬೆರಳಿನಿಂದ ಉಜ್ಜಿದಾಗ ಹೊಟ್ಟು ಏಳದಿದ್ದರೆ ಬೂಷ್ಟು ಅಡಗಿದೆಯೆಂದೂ ಉಳಿದಿರುವುದು ಬಣ್ಣದ ಬಾಕಿ ಮಾತ್ರವೆಂದೂ ಸಾಮಾನ್ಯವಾಗಿ ತಿಳಿಯಬಹುದು. ಮುಂದಿನ ಸೆಕೆಗಾಲದಲ್ಲಿ ಚಿಬ್ಬು ಮರುಕಳಿಸುವುದೂ ಉಂಟು, ಅದಕ್ಕೆ ಹೆದರಬೇಕಾಗಿಲ್ಲ.

ವಯಸ್ಸಿನ ಚುಕ್ಕೆಗಳು

ನಲವತ್ತು ದಾಟಿದವರ ಮೊಳಕಾಲಿನ ಕೆಳಭಾಗದಲ್ಲಿ, ಮುಂಗೈಗಳ ಮೇಲೆ, ಸುಣ್ಣ ಬಳಿಯುವಾಗ ಹನಿ ಸಿಡಿದಂತೆ ಎರಡರಿಂದ ಐದು ಮಿಲಿಮೀಟರ್ ಅಗಲದ ಅಚ್ಚ ಬಿಳಿಯ ಚುಕ್ಕೆಗಳು ಕಾಣುತ್ತವೆ. ನುಣುಪಾಗಿರುತ್ತವೆ, ನವೆಯಿಲ್ಲ, ಒಂದೊಂದು ಚುಕ್ಕೆಯೂ ಹುಟ್ಟಿದಷ್ಟೇ ಇರುತ್ತದೆ, ಬೆಳೆದು ಒಂದರೊಡನೊಂದು ಸೇರುವುದಿಲ್ಲ. ವಯಸ್ಸಾದಂತೆ ವರ್ಣಕೋಶಗಳು ಕಡಮೆಯಾಗುವುದೂ ಹಲವು ವರ್ಷಗಳ ಬಿಸಿಲೂ ಇದಕ್ಕೆ ಕಾರಣವೆನ್ನುವರು. ತಲೆಗೂದಲು ನರೆತಂತೆ ಇದೂ ಒಂದೆಂದು ತಿಳಿದು ಸುಮ್ಮನಿರಬಹುದು.

ಕಣ್ಣಿನ ಕೆಳಗೆ ಅಥವಾ ಹಸುಗೂಸಿನ ಮೂಗಿನ ಮೇಲೆ ರವೆಯ ಕಾಳಿನಂತೆ ಉಬ್ಬಿರುವ ಬಿಳಿಯ ಬಿಂದುಗಳು ಬೇರೆ ಜಾತಿಯವು. ಅಲ್ಲಿ ಬಣ್ಣ ಹೋಗಿರುವುದಿಲ್ಲ. ಉಗುರು ಕೂದಲುಗಳಲ್ಲಿರುವ ಕೆರಟಿನ್ ಎಂಬ ವಸ್ತುವೇ ಚರ್ಮದಡಿಯಲ್ಲಿ ಸಣ್ಣ ಉಂಡೆಯಾಗಿ ನಿಂತಿರುತ್ತದೆ. ಹಸುಗೂಸಿನಲ್ಲಿ ಕೆಲವು ವಾರಗಳಲ್ಲಿ ಅವು ತಾವೇ ಮಾಯವಾಗುತ್ತವೆ.

ಗಾಯ ಮತ್ತು ರಾಸಾಯನಿಕಗಳು

ಸುಟ್ಟ ಗಾಯ, ಇಸುಬು, ಕುರು ಮುಂತಾದುವು ಮಾದ ಮೇಲೆ ಆ ಜಾಗ ಕೆಲಕಾಲ ಬೆಳ್ಳಗಿರುವುದನ್ನು ಎಲ್ಲರೂ ಕಂಡಿದ್ದಾರೆ. ವರ್ಣಕೋಶಗಳು ಉಳಿದಿದ್ದರೆ ಬಣ್ಣ ಬರುತ್ತದೆ. ಆಳವಾದ ಸುಟ್ಟ ಗಾಯದಲ್ಲಿ ಅವೇ ನಾಶವಾಗಿದ್ದರೆ ಬರುವುದಿಲ್ಲ.

ರಾಸಾಯನಿಕಗಳ ಕಥೆ ಇದಕ್ಕಿಂತ ಸ್ವಾರಸ್ಯವಾದುದು. ೧೯೩೯ರಲ್ಲಿ ಅಮೆರಿಕದ ಒಂದು ಚರ್ಮ ಹದಮಾಡುವ ಕಾರ್ಖಾನೆಯ ಕೆಲಸಗಾರರ ಕೈಗಳು ಬೆಳ್ಳಗಾಗುತ್ತಿರುವುದು ವರದಿಯಾಯಿತು. ವಿಚಾರಿಸಿ ನೋಡಲಾಗಿ ದೋಷವಿದ್ದುದು ಅವರು ತೊಟ್ಟಿದ್ದ ರಬ್ಬರ್ ಕೈಚೀಲಗಳಲ್ಲಿ. ರಬ್ಬರು ಬೇಗ ಹಾಳಾಗದಂತೆ ಬೆರೆಸಿದ್ದ ಹೈಡ್ರೊಕ್ವಿನೋನಿನ ಒಂದು ಸಂಯುಕ್ತವು ವರ್ಣಕೋಶಗಳಿಗೆ ವಿಷವಾಗಿತ್ತು. ಇಂಥ ಸಂಯುಕ್ತಗಳ ಅಣುಗಳು ರಚನೆಯಲ್ಲಿ ಟೈರೊಸಿನ್ನನ್ನು ಹೋಲುತ್ತವೆ. ವರ್ಣಕೋಶವು ಮೋಸಹೋಗಿ ಅವನ್ನು ಬಣ್ಣ ಮಾಡಲು ತೆಗೆದುಕೊಂಡು ತಾನೇ ನಾಶವಾಗುತ್ತದೆ.

ನಮ್ಮ ದೇಶದಲ್ಲಿ ಇದರ ಪರಿಚಿತ ಉದಾಹರಣೆ ಹಣೆಯ ಮೇಲೆ ಅಂಟಿಸುವ ಬಿಂದಿ. ಅದರ ಅಂಟಿನಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫೀನಾಲ್ ಎಂಬ ವಸ್ತುವಿನಿಂದ ಕೆಲವರಿಗೆ ಹಣೆಯಲ್ಲಿ ಬಿಂದಿಯಷ್ಟೇ ಅಗಲದ, ಬಿಂದಿಯಷ್ಟೇ ದುಂಡಾದ ಬಿಳಿಯ ಮಚ್ಚೆ ಉಳಿಯುತ್ತದೆ. ರಬ್ಬರ್ ಚಪ್ಪಲಿ ಮೆಟ್ಟುವ ಕೆಲವರ ಪಾದದ ಮೇಲೆ ಪಟ್ಟಿಯ ಆಕಾರದಲ್ಲಿಯೇ ಬಿಳುಪು ಮೂಡುತ್ತದೆ. ಮಚ್ಚೆಯ ಆಕಾರವು ಮೈಗೆ ತಗುಲುವ ಯಾವುದಾದರೊಂದು ವಸ್ತುವಿನ ಆಕಾರವನ್ನು ಹೋಲುತ್ತಿದ್ದರೆ ಮೊದಲು ಆ ವಸ್ತುವನ್ನು ಬಿಟ್ಟುನೋಡಬೇಕು. ಬೇಗನೆ ಬಿಟ್ಟರೆ ಹಲವು ಸಲ ಬಣ್ಣ ಮರಳುವುದುಂಟು. ವೈದ್ಯರ ಚೀಟಿಯಿಲ್ಲದೆ ಬೆಳ್ಳಗಾಗಲೆಂದು ಮುಖಕ್ಕೆ ಬಳಿಯುವ ಸ್ಟೀರಾಯ್ಡ್ ಮುಲಾಮುಗಳೂ ಚರ್ಮವನ್ನು ತೆಳುಮಾಡಿ ಬಿಳಿಯ ಕಲೆಗಳನ್ನು ಉಂಟುಮಾಡಬಲ್ಲುವು.

ತೊನ್ನು

ಈಗ ಜನರು ಹೆಚ್ಚಾಗಿ ಅಂಜುವ ತೊನ್ನಿನ ವಿಷಯಕ್ಕೆ ಬರೋಣ. ಜಗತ್ತಿನ ಜನರಲ್ಲಿ ನೂರಕ್ಕೆ ಸುಮಾರು ಅರ್ಧದಿಂದ ಎರಡರಷ್ಟು ಮಂದಿಗೆ ಇದು ಉಂಟು. ನಮ್ಮ ದೇಹವನ್ನು ರೋಗಾಣುಗಳಿಂದ ಕಾಪಾಡುವ ರಕ್ಷಣಾವ್ಯವಸ್ಥೆಯೇ ತಪ್ಪು ತಿಳಿದು ವರ್ಣಕೋಶಗಳ ಮೇಲೆ ಬಿದ್ದು ಅವನ್ನು ಕೊಲ್ಲುವುದೇ ಇದಕ್ಕೆ ಕಾರಣ. ಆದುದರಿಂದ ಮಚ್ಚೆಯು ಹಾಲಿನಂತೆ ಅಚ್ಚ ಬಿಳುಪು, ಅಂಚು ಸ್ಪಷ್ಟ, ಹೊಟ್ಟಿಲ್ಲ, ಸ್ಪರ್ಶಜ್ಞಾನ ಪೂರ್ಣ. ಬೆರಳ ತುದಿ, ತುಟಿ, ಕಣ್ಣಿನ ಸುತ್ತ, ಮೊಣಕಾಲು, ಮೊಣಕೈಗಳಲ್ಲಿ ಇದು ಹೆಚ್ಚು. ಮಚ್ಚೆಯ ಮೇಲಿನ ಕೂದಲೂ ಬೆಳ್ಳಗಾಗುವುದುಂಟು. ಇದೇ ಬಗೆಯ ತಪ್ಪುದಾಳಿಯು ಥೈರಾಯ್ಡ್ ಗ್ರಂಥಿಯ ಮೇಲೆಯೂ ನಡೆದಿರಬಹುದಾದುದರಿಂದ ವೈದ್ಯರು ಅದನ್ನೂ ಪರೀಕ್ಷಿಸುವರು.

ಇದರಲ್ಲಿ ರೋಗಾಣುವಿಲ್ಲ. ಆದ್ದರಿಂದ ಮುಟ್ಟಿದರೆ, ಜೊತೆಯಲ್ಲಿ ಉಂಡರೆ, ಬಟ್ಟೆ ಹಂಚಿಕೊಂಡರೆ ಹರಡುವ ಪ್ರಶ್ನೆಯೇ ಇಲ್ಲ. ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆಂಬ ಮಾತಿಗೂ ಆಧಾರವಿಲ್ಲ. ವಂಶದಲ್ಲಿ ಬರುವ ಒಲವು ಸ್ವಲ್ಪಮಟ್ಟಿಗೆ ಇರುವುದು ನಿಜ. ಆದರೂ ತೊನ್ನಿರುವವರ ಮಕ್ಕಳಲ್ಲಿ ಬಹುಪಾಲು ಮಂದಿಗೆ ಅದು ಬರುವುದಿಲ್ಲ.

ಚಿಕಿತ್ಸೆಯ ಚರಿತ್ರೆಯಲ್ಲಿ ಬೆಳಕಿಗೆ ದೊಡ್ಡ ಪಾತ್ರವಿದೆ. ನಮ್ಮ ವೈದ್ಯರು ಬಹು ಹಿಂದಿನಿಂದ ಬಾವಂಚಿ ಬೀಜವನ್ನು ಕೊಟ್ಟು ರೋಗಿಯನ್ನು ಬಿಸಿಲಿಗೆ ಒಡ್ಡುತ್ತಿದ್ದರು. ಈಜಿಪ್ಟಿನಲ್ಲಿ ನೈಲ್ ನದಿಯ ತೀರದ ಒಂದು ಕಳೆಗಿಡದ ಬೀಜವನ್ನು ಇದಕ್ಕೇ ಬಳಸುತ್ತಿದ್ದರು. ೧೯೪೦ರ ದಶಕದಲ್ಲಿ ಕೈರೊ ನಗರದ ವೈದ್ಯ ಎಲ್ ಮೊಫ್ಟಿಯವರು ಈಜಿಪ್ಟಿನ ಆ ಗಿಡದಿಂದ ಬೇರ್ಪಡಿಸಿದ ವಸ್ತುವನ್ನು ಶಾಸ್ತ್ರೀಯವಾಗಿ ಪ್ರಯೋಗಿಸಿ ಗುಣವನ್ನು ಕಂಡರು. ಎರಡು ಗಿಡಗಳಲ್ಲಿಯೂ ಇರುವುದು ಸೊರಾಲೆನ್ ಎಂಬ ಒಂದೇ ಕುಟುಂಬದ ವಸ್ತುಗಳು. ಇವು ೩೨೦ರಿಂದ ೪೦೦ ನ್ಯಾನೊಮೀಟರ್ ತರಂಗದೂರದ ಅತಿನೇರಿಳೆ ಕಿರಣಗಳನ್ನು ಹೀರಿ ಚರ್ಮದಲ್ಲಿ ಕ್ರಿಯೆ ನಡೆಸುತ್ತವೆ. ಹೀಗಿರುವುದರಿಂದಲೇ ಬಾವಂಚಿ ಎಣ್ಣೆಯನ್ನು ತಾವಾಗಿಯೇ ಹಚ್ಚಿಕೊಂಡು ಬಿಸಿಲಿಗೆ ನಿಲ್ಲುವುದು ಅಪಾಯ. ಬೊಬ್ಬೆಯೆದ್ದು ಚರ್ಮ ಸುಡುತ್ತದೆ. ಸುಟ್ಟ ಆ ಗಾಯದ ಮೇಲೆಯೇ ಹೊಸ ತೊನ್ನು ಏಳಬಹುದು. ಈಗ ಆಸ್ಪತ್ರೆಗಳಲ್ಲಿ ೩೧೧ ನ್ಯಾನೊಮೀಟರಿನ ಸುತ್ತಲಿನ ಕಿರಣಗಳನ್ನಷ್ಟೇ ಸೂಸುವ ದೀಪಗಳನ್ನು ಬಳಸುವರು. ಇದಕ್ಕೆ ಸೊರಾಲೆನ್ ಬೇಕಾಗಿಲ್ಲ. ರಕ್ಷಣಾವ್ಯವಸ್ಥೆಯ ತಪ್ಪುದಾಳಿಯನ್ನು ತಡೆಯುವ ರುಕ್ಸೊಲಿಟಿನಿಬ್ ಎಂಬ ಲೇಪನಕ್ಕೆ ೨೦೨೨ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಹರಡುವುದು ನಿಂತಿರುವ ಮಚ್ಚೆಗಳಿಗೆ ಚರ್ಮದ ಕಸಿಯೂ ಉಂಟು.

ಬಣ್ಣ ಮರಳುವ ರೀತಿಯೂ ನೋಡತಕ್ಕದ್ದು. ಕೂದಲ ಬುಡದ ಗೂಡುಗಳಲ್ಲಿ ವರ್ಣಕೋಶಗಳ ದಾಸ್ತಾನಿರುತ್ತದೆ. ಚಿಕಿತ್ಸೆ ಫಲಿಸಿದಾಗ ಅವು ಹೊರಬಂದು ಹರಡುತ್ತವೆ. ಮಳೆ ಬಿದ್ದ ಬಯಲಿನಲ್ಲಿ ಅಲ್ಲಲ್ಲಿ ಗರಿಕೆ ಚಿಗುರಿದಂತೆ ಬಿಳುಪಿನ ನಡುವೆ ಕೂದಲ ಸುತ್ತ ಕಂದು ಚುಕ್ಕೆಗಳು ಮೂಡಿ ಬೆಳೆದು ಕೂಡಿಕೊಳ್ಳುತ್ತವೆ. ತುಟಿಯಲ್ಲಿಯೂ ಬೆರಳ ತುದಿಯಲ್ಲಿಯೂ ಕೂದಲಿಲ್ಲ. ಆದುದರಿಂದ ಅಲ್ಲಿನ ತೊನ್ನು ಬೇಗ ಬಗ್ಗುವುದಿಲ್ಲ.

ಸ್ಪರ್ಶವಿಲ್ಲದ ಮಚ್ಚೆ

ನಿಜವಾದ ಕುಷ್ಠವು ಬೇರೆಯೇ ಸಂಗತಿ. ಅದರ ರೋಗಾಣುವನ್ನು ೧೮೭೩ರಲ್ಲಿ ನಾರ್ವೆ ದೇಶದ ಬರ್ಗೆನ್ ನಗರದಲ್ಲಿ ಹ್ಯಾನ್ಸನ್ ಎಂಬ ವೈದ್ಯರು ಕಂಡುಹಿಡಿದರು. ಈ ರೋಗಾಣು ದೇಹದ ತಂಪಾದ ಭಾಗಗಳ ಚರ್ಮವನ್ನೂ ನರಗಳನ್ನೂ ಹಿಡಿಯುತ್ತದೆ. ಮಚ್ಚೆಯು ಸಾಮಾನ್ಯವಾಗಿ ತೊನ್ನಿನಂತೆ ಹಾಲುಬಿಳುಪಾಗಿರದೆ ತಿಳಿಬಿಳಿ ಅಥವಾ ತಾಮ್ರವರ್ಣವಾಗಿರುತ್ತದೆ. ಅಲ್ಲಿ ಬೆವರು ಬರುವುದಿಲ್ಲ, ಕೂದಲು ಉದುರುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಸ್ಪರ್ಶಜ್ಞಾನ ಕುಂದುತ್ತದೆ. ನವೆಯಿಲ್ಲ, ನೋವಿಲ್ಲ, ಅದೇ ಇದರ ಅಪಾಯ.

ಪರೀಕ್ಷೆ ಸರಳ. ಹತ್ತಿಯ ಎಳೆಯಿಂದ ಮಚ್ಚೆಯನ್ನೂ ಅದರ ಪಕ್ಕದ ಚರ್ಮವನ್ನೂ ಮೆಲ್ಲಗೆ ಸೋಕಿಸುತ್ತ, ಕಣ್ಣು ಮುಚ್ಚಿರುವ ರೋಗಿಗೆ ಸೋಕಿದ ಜಾಗವನ್ನು ಬೆರಳಿಟ್ಟು ತೋರಿಸಲು ಹೇಳಬೇಕು. ಮಚ್ಚೆಯ ಮೇಲೆ ಸೋಕಿದ್ದು ಗೊತ್ತಾಗದಿದ್ದರೆ ತಡಮಾಡದೆ ಸರಕಾರಿ ಆಸ್ಪತ್ರೆಗೆ ಹೋಗಬೇಕು. ಗೊತ್ತಾದ ಮಾತ್ರಕ್ಕೆ ರೋಗವಿಲ್ಲವೆಂದು ನಿಶ್ಚಯಿಸಲಾಗದು. ಮುಖದ ಮಚ್ಚೆಗಳಲ್ಲಿ ಸ್ಪರ್ಶಜ್ಞಾನ ಉಳಿದಿರುವುದುಂಟು.

೧೯೮೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿದ ಬಹು ಔಷಧ ಚಿಕಿತ್ಸೆಯಿಂದ ಈ ರೋಗ ಪೂರ್ಣವಾಗಿ ವಾಸಿಯಾಗುತ್ತದೆ. ಬಗೆಯನ್ನು ನೋಡಿ ಆರು ಅಥವಾ ಹನ್ನೆರಡು ತಿಂಗಳ ಔಷಧವನ್ನು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವರು. ಔಷಧ ಪ್ರಾರಂಭಿಸಿದ ಕೆಲವೇ ದಿನಗಳಲ್ಲಿ ರೋಗಿಯಿಂದ ಸೋಂಕು ಹರಡುವುದು ನಿಲ್ಲುತ್ತದೆ. ೨೦೦೫ರ ಕೊನೆಯ ಹೊತ್ತಿಗೆ ಭಾರತದಲ್ಲಿ ರೋಗಿಗಳ ಪ್ರಮಾಣ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಮೆಯಾಯಿತು. ಆದರೂ ಜಗತ್ತಿನಲ್ಲಿ ವರ್ಷವರ್ಷವೂ ಹೊಸದಾಗಿ ಪತ್ತೆಯಾಗುವ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮ ದೇಶದವರೇ. ಚಿಕಿತ್ಸೆ ತಡವಾದರೆ ನರಗಳು ಶಾಶ್ವತವಾಗಿ ಕೆಟ್ಟು ಕೈಬೆರಳುಗಳು ಸೊಟ್ಟಗಾಗುತ್ತವೆ. ರೋಗಾಣುವನ್ನು ಕೊಲ್ಲುವ ಔಷಧವು ಸತ್ತ ನರವನ್ನು ಬದುಕಿಸಲಾರದು.

ಬೆಳಕಿನ ಸಾಕ್ಷ್ಯ

ಇಷ್ಟು ಬಗೆಯ ಬಿಳುಪುಗಳನ್ನು ಬೇರ್ಪಡಿಸಲು ವೈದ್ಯರಿಗೆ ನೆರವಾಗುವ ಒಂದು ಉಪಕರಣವನ್ನು ಕೊಟ್ಟವರು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲಿಯಮ್ಸ್ ವುಡ್. ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ೧೯೦೩ರಲ್ಲಿ ಕಾಣುವ ಬೆಳಕನ್ನು ತಡೆದು ಅತಿನೇರಿಳೆ ಕಿರಣಗಳನ್ನು ಮಾತ್ರ ಬಿಡುವ ಶೋಧಕವನ್ನು ರಚಿಸಿದರು. ನಿಕಲ್ ಆಕ್ಸೈಡ್ ಬೆರೆತ ಕಡುಗಪ್ಪು ಗಾಜಿನ ಮೂಲಕ ೩೬೫ ನ್ಯಾನೊಮೀಟರಿನ ಸುತ್ತಲಿನ ಕಿರಣಗಳನ್ನು ಹೊರಬಿಡುವ ಇಂದಿನ ದೀಪಕ್ಕೆ ಅವರ ಹೆಸರೇ ನಿಂತಿದೆ. ೧೯೨೫ರಲ್ಲಿ ಫ್ರಾನ್ಸಿನ ವೈದ್ಯರು ಅದನ್ನು ಚರ್ಮರೋಗಗಳ ಪರೀಕ್ಷೆಗೆ ತಂದರು.

ಕೆಲವು ವಸ್ತುಗಳು ಕಣ್ಣಿಗೆ ಕಾಣದ ಅತಿನೇರಿಳೆ ಕಿರಣವನ್ನು ಹೀರಿ, ಕಾಣುವ ಬೆಳಕನ್ನು ಸೂಸುತ್ತವೆ. ಇದಕ್ಕೆ ಪ್ರತಿದೀಪ್ತಿಯೆಂದು ಹೆಸರು. ಬ್ಯಾಂಕುಗಳಲ್ಲಿ ನೋಟನ್ನು ಊದಾ ದೀಪದಡಿ ಹಿಡಿದಾಗ ಅದರೊಳಗಿನ ಎಳೆಗಳು ಹೊಳೆಯುವುದು ಇದರಿಂದಲೇ. ಒಳತೊಗಲಿನ ಕೊಲಾಜನ್ ಎಳೆಗಳಿಗೂ ಈ ಗುಣವಿದೆ. ಸಾಧಾರಣ ಚರ್ಮದಲ್ಲಿ ಮೆಲನಿನ್ನು ಈ ಕಿರಣಗಳನ್ನು ಮೇಲೆಯೇ ಹೀರಿಬಿಡುವುದರಿಂದ ಕತ್ತಲೆ ಕೋಣೆಯಲ್ಲಿ ಚರ್ಮವು ಮಂಕಾಗಿ ಕಾಣುತ್ತದೆ. ತೊನ್ನಿನ ಮಚ್ಚೆಯಲ್ಲಿ ತಡೆಯುವವರಿಲ್ಲ. ಅದು ನೀಲಿ ಬೆರೆತ ಬಿಳುಪಿನಿಂದ ಥಳಥಳಿಸುತ್ತದೆ. ಮಕ್ಕಳ ಕೆನ್ನೆಯ ಮಚ್ಚೆ, ಕುಷ್ಠದ ಮಚ್ಚೆ ಇವುಗಳಲ್ಲಿ ಮೆಲನಿನ್ ಸ್ವಲ್ಪ ಉಳಿದಿರುವುದರಿಂದ ಆ ಹೊಳಪು ಬರುವುದಿಲ್ಲ. ಚಿಬ್ಬು ಹಲವರಲ್ಲಿ ಹೊಂಬಣ್ಣದಿಂದ ಹೊಳೆಯುತ್ತದೆ. ಆದರೆ ಮುಲಾಮು, ಸೋಪಿನ ಶೇಷಗಳೂ ಹೊಳೆಯಬಲ್ಲುವಾದ್ದರಿಂದ ಈ ದೀಪದ ಸಾಕ್ಷ್ಯವನ್ನು ಓದಲು ಪಳಗಿದ ಕಣ್ಣು ಬೇಕು.

ಇನ್ನೊಂದು ಪರೀಕ್ಷೆ ಇದಕ್ಕಿಂತಲೂ ಸುಲಭ. ಹುಟ್ಟಿನಿಂದಲೇ ಇರುವ ಕೆಲವು ತಿಳಿಯ ಮಚ್ಚೆಗಳಲ್ಲಿ ಮೆಲನಿನ್ನಿಗೆ ಯಾವ ಕೊರತೆಯೂ ಇರುವುದಿಲ್ಲ. ಅಲ್ಲಿನ ಸೂಕ್ಷ್ಮ ರಕ್ತನಾಳಗಳು ಸದಾ ಸಂಕುಚಿತವಾಗಿರುತ್ತವೆ. ಮಚ್ಚೆಯ ಅಂಚಿನ ಮೇಲೆ ಗಾಜಿನ ತುಂಡನ್ನು ಒತ್ತಿದರೆ ಸುತ್ತಲಿನ ರಕ್ತವೂ ಸರಿದು ಎರಡೂ ಕಡೆ ಒಂದೇ ಬಣ್ಣವಾಗುತ್ತದೆ. ಮಚ್ಚೆಯ ಗಡಿಯೇ ಅಳಿಸಿಹೋಗುತ್ತದೆ.

ಓದುಗರು ಮಾಡಬೇಕಾದುದು

ಬಿಳಿಯ ಮಚ್ಚೆಯನ್ನು ಕಂಡಾಗ ಹಗಲು ಬೆಳಕಿನಲ್ಲಿ ಇಷ್ಟನ್ನು ಗಮನಿಸಬೇಕು. ಬಿಳುಪು ಅಚ್ಚವೋ ಮಾಸಲೋ? ಅಂಚು ಸ್ಪಷ್ಟವೋ ಅಲ್ಲವೋ? ಕೆರೆದರೆ ಹೊಟ್ಟು ಏಳುವುದೋ? ಅದರ ಮೇಲಿನ ಕೂದಲು ಯಾವ ಬಣ್ಣ? ಮೈಗೆ ತಗುಲುವ ಯಾವುದಾದರೂ ವಸ್ತುವಿನ ಆಕಾರ ಅದಕ್ಕಿದೆಯೋ? ಹತ್ತಿಯ ಎಳೆ ಸೋಕಿದ್ದು ತಿಳಿಯುವುದೋ? ಈ ಉತ್ತರಗಳನ್ನು ಬರೆದಿಟ್ಟುಕೊಂಡು ಚರ್ಮವೈದ್ಯರಿಗೆ ಹೇಳಿದರೆ ಅವರ ಕೆಲಸ ಹಗುರವಾಗುತ್ತದೆ. ರೋಗವನ್ನು ನಿರ್ಧರಿಸುವ ಭಾರ ಮಾತ್ರ ಅವರದೇ ಇರಲಿ.

ಕಾನೂನು ಈ ವಿಷಯದಲ್ಲಿ ನಿಧಾನವಾಗಿಯಾದರೂ ತಿದ್ದಿಕೊಂಡಿದೆ. ರೋಗಿಗಳನ್ನು ಹಿಡಿದು ಬೇರೆ ಇರಿಸಲು ಅವಕಾಶ ಕೊಟ್ಟಿದ್ದ ೧೮೯೮ರ ಕುಷ್ಠರೋಗಿಗಳ ಕಾಯಿದೆಯು ೨೦೧೬ರಲ್ಲಿ ರದ್ದಾಯಿತು. ಕುಷ್ಠರೋಗವು ವಿವಾಹವಿಚ್ಛೇದನಕ್ಕೆ ಕಾರಣವೆಂಬ ಮಾತನ್ನು ೨೦೧೯ರಲ್ಲಿ ವೈಯಕ್ತಿಕ ಕಾನೂನುಗಳಿಂದ ತೆಗೆದುಹಾಕಿದರು. ಇನ್ನು ತಿದ್ದಬೇಕಾದುದು ನಮ್ಮ ಮಾತು. ತೊನ್ನನ್ನು ತೊನ್ನೆಂದು, ಚಿಬ್ಬನ್ನು ಚಿಬ್ಬೆಂದು ಕರೆದು ‘ಶ್ವೇತಕುಷ್ಠ’ವೆಂಬ ಹೆಸರನ್ನು ಕೈಬಿಟ್ಟರೆ ಯಾವ ಹೆಣ್ಣುಮಗಳೂ ಸೋಂಕಿಲ್ಲದ ಒಂದು ಮಚ್ಚೆಗಾಗಿ ಮನೆಯೊಳಗೆ ಅಡಗಿ ಕೂರಬೇಕಾಗಿಲ್ಲ. ಮರ್ಯಾದೆಗೆ ಅಂಜಿ ತಿಳಿಬಿಳಿಯ ಮಚ್ಚೆಯನ್ನು ತೋಳಿನೊಳಗೆ ಮುಚ್ಚಿಟ್ಟುಕೊಂಡಿರುವಾತನೂ ಆಗ ಬೆರಳು ಸೊಟ್ಟಗಾಗುವ ಮೊದಲೇ ಆಸ್ಪತ್ರೆಯ ಬಾಗಿಲಿಗೆ ಬಂದಾನು.